ಮೂರನೇ ಮೇಜಿನ ವಿಳಾಸ

ಹದಿನಾಲ್ಕು ವರ್ಷ ದಿನಗೂಲಿಯಲ್ಲಿ ಟಪಾಲು ಹಂಚಿದ ಹೆಂಗಸನ್ನು ಬಿಟ್ಟು, ಮೂರನೇ ಮೇಜಿನ ಖಾಯಂ ಕೆಲಸವನ್ನು ಪೋಸ್ಟ್‌ಮಾಸ್ತರರು ತಮ್ಮ ಬಾಮೈದನಿಗೆ ಕೊಟ್ಟರು. ಅವನಿಗೆ ಕೆಲಸ ಕಲಿಸಲು ಅವಳಿಗೇ ಹೇಳಿದರು.

ಅವಳು ಮಾಟಗಾತಿಯ ಬಾಗಿಲು ತಟ್ಟಿದಳು. ಆ ಮೇಜಿಗೆ ಕೂತವನ ಕೈ ಇನ್ನೊಂದು ಕಾಗದ ಎತ್ತಬಾರದು, ಬೇಡಿದ್ದು ಅಷ್ಟೇ. ಮುದುಕಿ ಅವಳದೇ ತಲೆಗೂದಲನ್ನು ಎಣ್ಣೆಯಲ್ಲಿ ಅದ್ದಿ, ಕರಿದಾರದಲ್ಲಿ ಸುತ್ತಿ ಪೊಟ್ಟಣ ಕಟ್ಟಿದಳು.

"ಮೇಲೆ ಅವನ ಹೆಸರೇ ಬರಿ ಮಗಳೇ. ಇಲ್ಲದಿದ್ರೆ ಇದು ದಾರಿ ತಪ್ಪುತ್ತೆ."

"ಟಪಾಲು ದಾರಿ ತಪ್ಪೋದನ್ನ ನನಗೇ ಹೇಳಿಕೊಡ್ತೀಯಾ ಅಜ್ಜಿ?" ನಕ್ಕುಬಿಟ್ಟಳು.

ಆದರೆ ಪೆನ್ನು ಹಿಡಿದಾಗ ಕೈ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ತನ್ನ ಹೆಸರಿರಬೇಕಾದ ಜಾಗದಲ್ಲಿ ಆ ಹೆಸರು ಕಂಡಾಗಲೆಲ್ಲ ಹೊಟ್ಟೆಗೆ ಕೆಂಡ ಸುರಿದಂತಾಗುತ್ತಿತ್ತು. ಅದನ್ನು ತಾನೂ ಬರೆಯುವುದೇ? "ಖಾಯಂ ಟಪಾಲಿನವರು, ಮೂರನೇ ಮೇಜು" ಎಂದು ಬರೆದು ಅಂಚೆ ಡಬ್ಬಿಗೆ ಹಾಕಿದಳು.

ಮರುದಿನ ಬೆಳಿಗ್ಗೆ ಚೀಲ ಸುರಿದಾಗ, ಗೋಂದು, ಮಸಿ, ಗೋಣಿಯ ವಾಸನೆಯ ನಡುವೆ ಸುಟ್ಟ ಕೂದಲಿನ ಕಮಟು ಎದ್ದಿತು. ಬಾಮೈದ ಪೊಟ್ಟಣಕ್ಕೆ ಕೈ ಚಾಚಿದ. ಎಷ್ಟೇ ಆಗಲಿ ಹದಿನಾಲ್ಕು ವರ್ಷದ ರೂಢಿ. ಅವಳ ಬಾಯಿ ತಾನಾಗಿ ಎಚ್ಚರಿಸಿತು.

"ಮುಟ್ಟಬೇಡ. ಕಳಿಸಿದವರ ಹೆಸರಿಲ್ಲ, ಎಣ್ಣೆ ಜಿನುಗ್ತಿದೆ. ಅಲುಗಾಡಿಸ್ಬೇಡ, ಮೂಸ್ಬೇಡ. ಇದ್ದಲ್ಲೇ ಬಿಟ್ಟು, ಆಚೆ ಹೋಗಿ ಕೈ ತೊಳ್ಕೊಂಡು ಭಾವನಿಗೆ ಹೇಳು."

"ಬಾಂಬಾ ಅಕ್ಕಾ? ಇಲ್ಲ ನಿನ್ನ ಹೊಟ್ಟೆಕಿಚ್ಚನ್ನೇ ಕಟ್ಟಿ ಕಳಿಸಿದ್ದೀಯಾ?" ಅವನು ದಾರವನ್ನು ಹಲ್ಲಿನಿಂದ ಕಚ್ಚಿ ಹರಿದ.

ಪೊಟ್ಟಣದೊಳಗೆ ಏನೋ ಪರಚಿತು. ಕರಿದಾರ ಅವನ ಬೆರಳಿಗೆ ಸುತ್ತಿತು. ಬಿಗಿಯಿತು. ಚರ್ಮದೊಳಗೆ ಇಳಿಯಿತು. ಬೆರಳು ಕಪ್ಪಾಯಿತು. ಮುರುಟಿತು. ಅಂಗೈ ಮುರುಟಿತು, ಬೆಂಕಿಗೆ ಬಿದ್ದ ಕಾಗದದ ಹಾಗೆ. ಅವನು ಕಿರುಚಿದ. ಅವಳು ನೋಡುತ್ತ ನಿಂತಳು. ಒಂದು ಗಳಿಗೆ, ಒಂದೇ ಒಂದು ಗಳಿಗೆ, ಹೊಟ್ಟೆ ತಣ್ಣಗಾಯಿತು.

ಅವನನ್ನು ಎತ್ತಿಕೊಂಡು ಹೋದ ಮೇಲೆ ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಹಾಳೆಯೊಂದನ್ನು ಮೂರನೇ ಮೇಜಿನ ಮೇಲಿಟ್ಟರು.

"ಇವತ್ತಿಂದ ಈ ಮೇಜು ನಿಂದೇ ಕಣಮ್ಮ. ಖಾಯಂ. ಸಹಿ ಹಾಕು, ಟಪಾಲು ಹೊರಡ್ಲಿ."

ಹಾಳೆಯ ಪಕ್ಕದಲ್ಲಿ ಪೊಟ್ಟಣವಿತ್ತು. ಹರಿದ ದಾರ ಮತ್ತೆ ಗಂಟು ಬಿದ್ದಿತ್ತು. ವಿಳಾಸ ಅವಳ ಕಡೆಗೇ ಮುಖ ಮಾಡಿತ್ತು, ಅವಳದೇ ದುಂಡು ಅಕ್ಷರದಲ್ಲಿ. ಹೆಸರಿಗೆ ಬಂದ ಟಪಾಲು ಮನುಷ್ಯನ ಹಿಂದೆ ಹೋಗುತ್ತದೆ. ಹುದ್ದೆಗೆ ಬಂದದ್ದು ಆ ಕುರ್ಚಿಯಲ್ಲಿ ಯಾರು ಕೂತರೆ ಅವರದು. ಹೊಸಬನಿಗೆ ಮೊದಲ ದಿನವೇ ಅವಳು ಕಲಿಸಿದ್ದು ಇದನ್ನೇ.

ಪೊಟ್ಟಣದೊಳಗೆ ಏನೋ ಮೆಲ್ಲಗೆ ಪರಚಿತು.

"ಹದಿನಾಲ್ಕು ವರ್ಷ ಇದಕ್ಕೇ ಅಲ್ವಾ ಕಾದಿದ್ದು? ಹಾಕಮ್ಮ ಸಹಿ!"

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಹಾಕಲ್ಲ ಸಾರ್."