ಇಲ್ಲದ ಮೀನಿನ ವಾಸನೆ

"ಮೇಲಿನ ಮನೆಯವರೇ, ಮತ್ತೆ ಮೀನು ಸೀಯಿಸಿದ್ರಾ?"

ಬಾಗಿಲು ತೆಗೆದರೆ ಅವನೇ, ಕೆಳಗಿನ ಮನೆಯ ತೇಹಾ. ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದ. ಕೊರಿಯಾದ ನಮ್ಮ ದೇಗು ನಗರದ ಓಣಿಗಳಲ್ಲಿ ಬೆಳಗಿನಿಂದ ಬಸ್ ಓಡಿಸಿ, ಅಜ್ಜಿಯರ ಹತ್ತಿರ ಬೈಸಿಕೊಂಡು ಆಗಷ್ಟೇ ಬಂದಿದ್ದೆ. ಈ ವಾರವಿಡೀ ಇವನದು ಇದೇ ರಾಗ. ರೋಸಿ ಹೋಯಿತು.

"ನೋಡ್ರೀ, ನನ್ನ ಊಟ ಎಲ್ಲಾ ಡಿಪೋ ಕ್ಯಾಂಟೀನಲ್ಲೇ. ಈ ಮನೇಲಿ ಒಲೆ ಹಚ್ಚಿ ಯಾವ ಕಾಲ ಆಯ್ತೋ!"

"ಹಾಗಾದ್ರೆ ಈ ವಾಸನೆ?"

"ನನ್ನನ್ಯಾಕೆ ಕೇಳ್ತೀರಿ? ಲಿಫ್ಟಲ್ಲಿ 'ಮೂರನೇ ಮಹಡಿಯವರು ಮೀನು ಸುಡಬೇಡಿ' ಅಂತ ಚೀಟಿ ಅಂಟಿಸಿದ್ದೂ ನೀವೇ ತಾನೆ? ಬನ್ನಿ ಒಳಗೆ!"

ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ. ಒಲೆಯ ಮೇಲೆ ಧೂಳು. ಫ್ರಿಜ್ಜಿನಲ್ಲಿ ಎರಡು ಬಿಯರ್, ಒಂದು ಒಣಗಿದ ನಿಂಬೆಹಣ್ಣು. ಅವನು ಬಗ್ಗಿ ಒಲೆ ಮೂಸಿದ, ಬಾಣಲೆ ಮೂಸಿದ, ಸಿಂಕ್ ಮೂಸಿದ. ಆಮೇಲೆ ಮುಖ ಬಿಳಿಚಿಕೊಂಡಿತು.

"ಕೆಳಗೆ ಎಷ್ಟಿತ್ತೋ ಇಲ್ಲೂ ಅಷ್ಟೇ ಇದೆ," ಎಂದ ಮೆಲ್ಲಗೆ. "ಅಂಗಡೀಲೂ ಅಷ್ಟೇ. ರಸ್ತೇಲೂ ಅಷ್ಟೇ... ನಿಮ್ಮ ಮೀನೇ ಆಗಿದ್ರೆ ಚೆನ್ನಾಗಿತ್ತು ಕಣ್ರೀ."

ಬೈಯುವುದು ಬಿಟ್ಟು ಕುರ್ಚಿ ಎಳೆದು ಕೂರಿಸಿದೆ; ಅವನು ಎಲ್ಲಾ ಹೇಳಿಕೊಂಡ.

ಮಾರುಕಟ್ಟೆಯಲ್ಲಿ ಅವನಿಗೆ ಅಪ್ಪನ ಕಾಲದ ಎಳ್ಳೆಣ್ಣೆ ಅಂಗಡಿ. ಎಳ್ಳು ಹುರಿಯುವ ಹದವನ್ನು ಮೂಗೇ ಹೇಳಬೇಕು. ಸ್ವಲ್ಪ ಮುಂಚೆ ತೆಗೆದರೆ ಎಣ್ಣೆ ಹಸಿ, ಸ್ವಲ್ಪ ತಡವಾದರೆ ಕಹಿ. ವಸಂತದಲ್ಲಿ ಕೆಟ್ಟ ನೆಗಡಿ ಬಂದು ಹೋದ ಮೇಲೆ ಇವನಿಗೆ ಸದಾ ಏನೋ ಸೀಯುತ್ತಿರುವಂತೆ ಅನಿಸಿ, ಹೆದರಿ, ಎಳ್ಳನ್ನು ಹಸಿಯಾಗಿಯೇ ಇಳಿಸುತ್ತಿದ್ದನಂತೆ. ಹಳೇ ಗಿರಾಕಿಗಳು ಒಬ್ಬೊಬ್ಬರೇ ಜಾರಿಕೊಂಡಿದ್ದರು. ಮಾರನೆಯ ದಿನ ನಾನೇ ಡಾಕ್ಟರ ಹತ್ತಿರ ಕರೆದೊಯ್ದೆ. ಮೂಗಿನ ನರ ಇಲ್ಲದ ವಾಸನೆಯನ್ನು ಹುಟ್ಟಿಸುತ್ತಿದೆ, ಹೋದರೂ ಹೋಗಬಹುದು, ಹೋಗದೆಯೂ ಇರಬಹುದು ಎಂದರು.

"ಅಂಗಡಿ ಮುಚ್ಚೋದೇ ಸರಿ," ಎಂದ ತೇಹಾ, ಆಸ್ಪತ್ರೆಯ ಮೆಟ್ಟಿಲ ಮೇಲೆ.

"ಹುರಿಯೋದು ಯಾವತ್ತು?"

"ಸೋಮವಾರ. ಯಾಕೆ?"

"ನನಗೂ ಅವತ್ತೇ ರಜಾ. ಹದ ನಾನು ಹೇಳ್ತೀನಿ."

ನೂಡಲ್ಸನ್ನೂ ತಳ ಹಿಡಿಸುವವಳು ನಾನು! ಯಾಕಾದರೂ ಬಾಯಿ ಬಿಟ್ಟೆನೋ.

"ಈಗ ಇಳಿಸ್ಲಾ?" ಸೋಮವಾರ ಅಂಗಡಿಯ ಒಲೆಯ ಮುಂದೆ ಅವನ ಪ್ರಶ್ನೆ.

"ಇನ್ನೂ ಇಲ್ಲ."

"ಈಗ?"

"ಸ್ವಲ್ಪ ಬಾಯಿ ಮುಚ್ಕೊಂಡಿರ್ರೀ! ಮೂಸೋದಾದ್ರೂ ಹೇಗೆ?"

ಬೇಸಿಗೆಯ ಸೋಮವಾರಗಳೆಲ್ಲ ಹೀಗೇ ಕಳೆದವು. ಎಣ್ಣೆಗೆ ಬಣ್ಣ ಬಂತು, ಅಂಗಡಿಗೆ ಜನ ಬಂದರು. ನನ್ನ ಕೂದಲಿಗೆ ಹತ್ತಿದ ಎಳ್ಳಿನ ಘಮ ಮಾತ್ರ ಎಷ್ಟು ತೊಳೆದರೂ ಹೋಗದು. ಬಸ್ಸಿನಲ್ಲಿ ಅಜ್ಜಿಯೊಬ್ಬಳು, "ಡ್ರೈವರಮ್ಮ, ಇವತ್ತು ಎಳ್ಳೆಣ್ಣೆ ಕಲಸಿದ ಬಿಬಿಂಬಾಪ್ ಅನ್ನ ತಂದಿದೀಯಾ?" ಎಂದು ಕೇಳಿದಳು. ಅದಕ್ಕಿಂತ ದೊಡ್ಡ ಕಾಟ ಇವನ ಕಣ್ಣು. ಎಳ್ಳು ನೋಡುವುದು ಬಿಟ್ಟು ನನ್ನ ಮೂಗನ್ನೇ ನೋಡುತ್ತಿದ್ದ. ತಿರುಗಿದರೆ ಸಾಕು, ಒರೆಸಿದ ಬಾಟಲಿಯನ್ನೇ ಮತ್ತೆ ಒರೆಸುತ್ತಿದ್ದ. ನನಗೆ ಇಷ್ಟವಾಗುತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಅಕ್ಟೋಬರಿನಲ್ಲಿ ಎಲೆ ಹಣ್ಣಾಗುವ ಹೊತ್ತಿಗೆ ನನಗೂ ನೆಗಡಿ ಹತ್ತಿತು. ಮೂಗು ಪೂರಾ ಕಟ್ಟಿದರೂ ಹೇಳಲು ನಾಚಿಕೆಯಾಗಿ ಒಲೆಯ ಮುಂದೆ ನಿಂತೆ. ಏನೂ ತಿಳಿಯುತ್ತಿಲ್ಲ. ಎಳ್ಳು ಚಟಪಟ ಎನ್ನುತ್ತಿದೆ. ನನಗೆ ಬೆವರು.

ಅಷ್ಟರಲ್ಲಿ ತೇಹಾ ಕೈ ಚಾಚಿ ಒಲೆ ಆರಿಸಿದ, ಎಳ್ಳನ್ನು ತಟ್ಟೆಗೆ ಸುರಿದ. ಒಂದು ಕಾಳೂ ಕಪ್ಪಾಗಿರಲಿಲ್ಲ, ಒಂದೂ ಹಸಿಯಿರಲಿಲ್ಲ.

"ನಾನಿನ್ನೂ ಹೇಳೇ ಇಲ್ವಲ್ಲ?"

ಅವನು ಒರೆಸಿದ ಬಾಟಲಿಯನ್ನೇ ಮತ್ತೆ ಕೈಗೆತ್ತಿಕೊಂಡ.

"ತೇಹಾ ಅವ್ರೇ, ಮೂಗು ಯಾವಾಗ ಸರಿಯಾಯ್ತು?"

"ಜುಲೈ ಕೊನೇಲಿ, ಮಳೆ ನಿಂತಾಗ."

"ಅಯ್ಯೋ ನನ್ನ ಕರ್ಮವೇ! ನನ್ನ ರಜಾ ಎಲ್ಲಾ ಈ ಒಲೆ ಮುಂದೆ ಬೇಯಿಸಿಬಿಟ್ರಲ್ರೀ!"

"ಸರಿಯಾಯ್ತು ಅಂದ್ರೆ ನೀವು ಬರೋದು ನಿಲ್ಲಿಸ್ತೀರಿ ಅಂತ ಭಯ ಆಯ್ತು, ಬೋಮಿ."

'ಮೇಲಿನ ಮನೆಯವರೇ' ಅಂತಲ್ಲ, ನನ್ನ ಹೆಸರು ಹಿಡಿದು, ಬೋಮಿ ಅಂತ. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಕಣ್ಣಲ್ಲಿ ಮಾತ್ರ ನೀರು.

"ಪೆದ್ದು! ನಾನು ನಿಮ್ಮ ಮೂಗಿಗೋಸ್ಕರ ಬರ್ತಿದ್ದೆ ಅಂದ್ಕೊಂಡ್ರಾ?"

ಅವನ ಕಿವಿ ಕೆಂಪಾಯಿತು. ಸರಸರನೆ ಹೋಗಿ ನಟ್ಟನಡು ಮಧ್ಯಾಹ್ನ ಶಟರ್ ಎಳೆದ.

"ಗಿರಾಕಿಗಳು?" ಎಂದೆ.

"ನಾಳೆ ಬರ್ಲಿ," ಎಂದವನೇ ಎಣ್ಣೆಗೈಯಲ್ಲೇ ನನ್ನ ಕೈ ಹಿಡಿದ.