ಬೂಮದೆಲೆಯ ಮೊದಲ ತುತ್ತು

"ಬಾಯಿ ತೆಗಿಯಮ್ಮ! ಗಂಡನ ಕೈ ತುತ್ತು, ನಾಚ್ಕೋಬೇಡ!"

ಸುತ್ತಲಿದ್ದ ಹೆಂಗಸರು ಕಿಸಿಕಿಸಿ ನಕ್ಕರು. ಗುಬ್ಬಿಯ ಕಲ್ಯಾಣ ಮಂಟಪದಲ್ಲಿ ಬೂಮದ ಊಟ. ಗಂಡು ಹೆಣ್ಣು ಒಂದೇ ಎಲೆಗೆ ಕೂತು ಒಬ್ಬರಿಗೊಬ್ಬರು ತುತ್ತಿಡುವ ಶಾಸ್ತ್ರ. ಮಂಗಳಗೌರಿ ರಂಗರಾಜುವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಒಳ್ಳೇ ಕಣ್ಣು... ಆದರೆ ಆ ಕೈ!

ಅನ್ನ, ಬಾಳೆಹಣ್ಣು, ತುಪ್ಪ, ಸಕ್ಕರೆ ಎಲ್ಲ ಒಟ್ಟಿಗೆ ಕಲಸಿದ್ದು ಬೆರಳ ಸಂದಿಯಲ್ಲಿ ಲೋಳೆಲೋಳೆಯಾಗಿ ಇಳಿಯುತ್ತಿತ್ತು. ಥೂ, ಆ ವಾಸನೆ! ತುಟಿಗೆ ತಾಗಿದ್ದೇ ತಡ, ಹೊಟ್ಟೆಯೊಳಗಿದ್ದದ್ದೆಲ್ಲ ಗಂಟಲಿಗೆ ಬಂತು.

ಮದುಮಗನ ರೇಷ್ಮೆ ಪಂಚೆಯ ಮೇಲೇ ವಾಂತಿ!

"ಏನೇ ಇದು? ಗಂಡನ್ನ ಕಂಡ್ರೆ ಇಷ್ಟೊಂದು ಅಸಹ್ಯಾನಾ?" ಅತ್ತೆ ಸಿದ್ದಲಕ್ಷ್ಮಮ್ಮ ಕಿರುಚಿದರು.

ಆ ಮಾತು ರಂಗರಾಜುವಿನ ಎದೆಯಲ್ಲಿ ನಾಟಿತು. ಅಂದಿನಿಂದ ಅವನು ಚಾಪೆಯನ್ನು ಹಾಲ್‌ನಲ್ಲೇ ಹಾಸಿದ. ತುಮಕೂರು ಪಕ್ಕದ ಸತ್ಯಮಂಗಲದ ಫ್ಯಾಕ್ಟರಿಗೆ ಹೋಗುವ, ಬರುವ, ತಲೆ ಎತ್ತಿ ನೋಡುವುದಿಲ್ಲ.

ಗೌರಿ ಒಣ ರೊಟ್ಟಿ, ಕಡಲೆಪುರಿ ಬಿಟ್ಟು ಏನನ್ನೂ ಮುಟ್ಟಲಿಲ್ಲ. ಮುದ್ದೆಯ ಸುತ್ತ ಬಸ್ಸಾರು ಹರಿಯುವುದನ್ನು ನೋಡಿದರೇ ಓಕರಿಕೆ! ಅತ್ತೆ ಬಲವಂತ ಮಾಡಿದಷ್ಟೂ ಉಣ್ಣುವುದು ಕಮ್ಮಿಯಾಯಿತು. ಕೊನೆಗೆ ರೊಟ್ಟಿಯೂ ಇಳಿಯದಾಯಿತು.

'ಹೇಗೆ ಹೇಳಲಿ? ಕೊಬ್ಬು ಅಂತಾರೆ...' ಹುಲಿಯೂರುದುರ್ಗದ ತವರಿನಲ್ಲೂ ಅದೇ ಬಿರುದು ತಾನೇ ಸಿಕ್ಕಿದ್ದು!

ಮೂರನೇ ತಿಂಗಳು, ಒಂದು ಬೆಳಗ್ಗೆ ಬಚ್ಚಲ ಬಾಗಿಲಲ್ಲೇ ಕುಸಿದುಬಿದ್ದಳು. ರಂಗರಾಜು ಎತ್ತಿಕೊಂಡು ತುಮಕೂರಿನ ಆಸ್ಪತ್ರೆಗೆ ಓಡಿದ. ತೂಕ ಮೂವತ್ನಾಲ್ಕು ಕೆಜಿ.

ಲೇಡಿ ಡಾಕ್ಟರ್ ಬೈಯಲಿಲ್ಲ. "ಚಿಕ್ಕಂದಿನಿಂದ ಹಿಂಗೇನಾ? ಮಿಕ್ಸಿ ಸದ್ದಿಗೆ ಕಿವಿ ಮುಚ್ಕೋತೀಯಾ? ಹೊಸ ಬಟ್ಟೆ ಚುಚ್ಚುತ್ತಾ?" ಎಂದರು.

ಹೂಂ... ಹೂಂ... ಹೂಂ. ಗೌರಿಯ ಕಣ್ಣು ತುಂಬಿತು. ಇಪ್ಪತ್ಮೂರು ವರ್ಷ ಯಾರೂ ಕೇಳದ್ದನ್ನು ಇವರು ಕೇಳಿದರಲ್ಲ!

ಡಾಕ್ಟರ್ ರಂಗರಾಜುವಿನ ಕಡೆ ತಿರುಗಿದರು. "ಆಟಿಸಂ ಇರ್ಬೇಕು ಅನ್ಸುತ್ತಪ್ಪ. ಬೆಂಗಳೂರಿಗೆ ಬರ್ಕೊಡ್ತೀನಿ, ತೋರ್ಸಿ. ಹೆಣ್ಮಕ್ಕಳಲ್ಲಿ ಎಷ್ಟೋ ಸಲ ಗೊತ್ತೇ ಆಗಲ್ಲ. ಇಂಥವ್ರಲ್ಲಿ ಕೆಲವ್ರಿಗೆ ಊಟದ ವಾಸನೆ, ಮೆತ್ತಗಿರೋದು, ಕಲಸಿರೋದು ತಡ್ಕೊಳ್ಳೋಕಾಗಲ್ಲ. ಹಟ ಅಲ್ಲ ಇದು. ಬಲವಂತ ಮಾಡಿದ್ರೆ ಪೂರ್ತಿ ಊಟಾನೇ ಬಿಟ್ಬಿಡ್ತಾರೆ."

ರಂಗರಾಜು ಎದ್ದು ಹೊರಗೆ ಹೋದ.

'ಆಯ್ತು... ತವರಿಗೆ ಫೋನ್ ಮಾಡೋಕೆ ಹೋದ್ರು. ಇಂಥವಳು ಯಾರಿಗೆ ಬೇಕು?' ಗೌರಿ ಗ್ಲೂಕೋಸ್ ಬಾಟಲಿಯನ್ನೇ ನೋಡುತ್ತ ಅತ್ತಳು.

ಅರ್ಧ ಗಂಟೆಗೆ ಅವನು ವಾಪಸ್ ಬಂದ. ಕೈಯಲ್ಲಿ ಎರಡು ಪೊಟ್ಟಣ, ಬೇರೆ ಬೇರೆ ಬಡಿಸಲು ಮೂರು ಗುಂಡಿಗಳಿರುವ ಹೊಸ ಸ್ಟೀಲ್ ತಟ್ಟೆ!

"ಒಂದ್ ಕೇಳ್ತೀನಿ, ನಿಜ ಹೇಳು. ಅವತ್ತು ಅಸಹ್ಯ ಆಗಿದ್ದು... ನನ್ ಮುಖಾನಾ?"

"ಅಯ್ಯೋ, ಬಾಳೆಹಣ್ಣು ಕಣ್ರೀ!"

ಅವನು ಬೆರಗಾಗಿ ನೋಡಿದ. ಅವಳ ದನಿ ಸಣ್ಣಗಾಯಿತು. "ನಿಮ್ ಮುಖ... ಚೆನ್ನಾಗೇ ಇತ್ತು."

ಮೂರು ತಿಂಗಳು ನುಂಗಿಕೊಂಡಿದ್ದ ದುಃಖ! ರಂಗರಾಜು ನಗುತ್ತಲೇ ಅತ್ತುಬಿಟ್ಟ.

"ಅಮ್ಮಂಗೆ ನಾನ್ ಹೇಳ್ತೀನಿ, ಬುಡು." ಪೊಟ್ಟಣ ಬಿಚ್ಚಿ ಒಂದು ಗುಂಡಿಗೆ ಕಡಲೆಪುರಿ, ಇನ್ನೊಂದಕ್ಕೆ ಹುರಿಗಡಲೆ ಸುರಿದ. ಒಂದಕ್ಕೊಂದು ತಾಗಲಿಲ್ಲ.

"ಮೂರನೇದು ಯಾಕ್ರೀ ಖಾಲಿ?"

"ಅದು ನಂದು. ಒಂದೇ ಎಲೇಲಿ ಉಣ್ಬೇಕಲ್ವಾ ಗಂಡ ಹೆಂಡ್ತಿ?"

ಗೌರಿ ಒಂದು ಹಿಡಿ ಪುರಿ ತೆಗೆದು ಅವನ ಗುಂಡಿಗೆ ಹಾಕಿದಳು. ಮತ್ತೆ ತಾನೊಂದು ಕಾಳು ಬಾಯಿಗಿಟ್ಟುಕೊಂಡಳು. ಕರುಂ ಎಂದಿತು. ಇಳಿಯಿತು.

"ನನ್ ಗುಂಡಿಗೆ ಕೈ ಹಾಕಂಗಿಲ್ಲ, ಆಯ್ತೇನ್ರೀ?"

"ಇಲ್ಲ ಕಣೇ. ನೀನ್ ಉಣ್ಣು... ನಾನಿಲ್ಲೇ ಕೂತಿರ್ತೀನಿ."