ಕಡುಬಿನ ಪಾತ್ರೆಯಲ್ಲಿ ಶಟಲ್

“ಪುಕ್ಕ! ನನ್ನ ಒಲಿ ಮ್ಯಾಲೆ ಹಕ್ಕಿ ಪುಕ್ಕ! ಶಿವಶಿವಾ... ಇದೇನ್ ಲಿಂಗ ಕಟ್ಟಿದವ್ರ ಮನಿನೋ, ಕೋಳಿ ಅಂಗಡಿನೋ?”

ನೀಲಾಬಾಯಿಯವರ ಕೂಗು ಶಹಾಬಾದಿನ ಆ ಓಣಿಯ ಕೊನೆಯ ಮನೆಗೂ ಕೇಳಿಸಿತು. ಕುದಿಯುವ ನೀರಿನ ಮೇಲೆ ಪುಕ್ಕದ ಶಟಲ್ ಡಬ್ಬಿ ಹಿಡಿದಿದ್ದ ಸೊಸೆ ಗುರುದೇವಿ ಗಕ್ಕನೆ ಕೈ ಹಿಂದೆಳೆದುಕೊಂಡಳು. ಬ್ಯಾಡ್ಮಿಂಟನ್ನೇ ಅವಳ ಬದುಕು. ಕುರಕುಂಟಾದ ಶಾಲೆಯ ಅಂಗಳದಲ್ಲಿ ಕಲಿತು ರಾಜ್ಯದ ಪರವಾಗಿ ಆಡಿದವಳು. ಮದುವೆಯಾದ ವರ್ಷವೇ ಮೊಣಕಾಲು ಕೈಕೊಟ್ಟು ಮನೆ ಹಿಡಿದಿದ್ದಳು. ಈಗ ಕಾಲು ಗಟ್ಟಿಯಾಗಿ, ಹೈದರಾಬಾದಿನ ಒಂದು ವೃತ್ತಿಪರ ತಂಡ ಆಯ್ಕೆಗೆ ಕರೆದಿತ್ತು. ಉಳಿದದ್ದು ಹತ್ತೇ ದಿನ. ಇಪ್ಪತ್ತೆಂಟರ ವಯಸ್ಸಿನವಳನ್ನು ಇನ್ನೊಮ್ಮೆ ಯಾರು ಕರೆದಾರು!

“ಅತ್ತೀ, ಈ ಬಿಸಿಲಿಗಿ ಪುಕ್ಕ ಒಣಗಿ ಪಟಪಟ ಮುರೀತಾವ್ರಿ. ಒಂದೀಟು ಆವಿ ಹಿಡಿದ್ರ ತಾಳ್ತಾವ...”

“ತಾಳ್ಲಿ ಬಿಡ್ಲಿ! ಈ ಮನ್ಯಾಗ ಪುಕ್ಕರೆ ಇರಬೇಕು, ಇಲ್ಲಾ ನಾನರೆ ಇರಬೇಕು!”

ಗುರುದೇವಿಗೆ ಜಗಳ ಆಡಲು ಬಾರದೆ ಇರಲಿಲ್ಲ. ಆದರೆ ಇದೇ ಅತ್ತೆ ಮೂರು ತಿಂಗಳು ದಿನಾ ಬೆಳಿಗ್ಗೆ ಕುಸುಬೆ ಎಣ್ಣೆ ಕಾಯಿಸಿ ಅವಳ ಮೊಣಕಾಲು ತಿಕ್ಕಿದ್ದರು. ಆ ಕೈಗಳನ್ನು ನೆನೆದು ಪುಕ್ಕದ ಡಬ್ಬಿಯನ್ನು ಕಪಾಟಿಗೆ ಸೇರಿಸಿ, ಪ್ಲಾಸ್ಟಿಕ್ ಶಟಲ್‌ನಲ್ಲೇ ಅಭ್ಯಾಸ ಶುರು ಮಾಡಿದಳು.

ಐದನೆಯ ದಿನ ಹತ್ತಿರದ ವಾಡಿ ಊರಿನಲ್ಲಿ ಪುಕ್ಕದ ಶಟಲ್‌ನ ಪಂದ್ಯ. ಎದುರಿಗೆ ಒಬ್ಬ ಶಾಲೆಯ ಹುಡುಗಿ. ಗುರುದೇವಿ ಹೊಡೆದದ್ದೆಲ್ಲ ಗೆರೆಯ ಆಚೆಗೋ, ನೆಟ್ಟಿಗೋ! ಬರೀ ಒಂಬತ್ತು ಅಂಕ ಗಳಿಸಿ ಸೋತು ಮನೆಗೆ ಬಂದವಳು ಬ್ಯಾಟಿನ ಚೀಲವನ್ನು ಮೂಲೆಗೆಸೆದು ಬಿಕ್ಕಿದಳು.

“ನಾ ಹೈದರಾಬಾದಿಗಿ ಹೋಗಂಗಿಲ್ರಿ... ನನ್ನ ಆಟ ಮುಗೀತು...”

ಗಂಡ ಮಹೇಶಕುಮಾರ ತಾಯಿಯ ಕಡೆ ತಿರುಗಿದ. “ಅವ್ವ, ಪ್ಲಾಸ್ಟಿಕ್ಕಿಂದು ಹಾರೋದು ಬ್ಯಾರೆ, ಪುಕ್ಕದ್ದು ಬ್ಯಾರೆ. ಆಕಿ ನಿನ್ನ ಮಾತು ನಡೆಸಾಕ ಹೋಗಿ ಸೋತಾಳ.”

ನೀಲಾಬಾಯಿ ಅಂದು ರೊಟ್ಟಿಯನ್ನು ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಿಲಿನಿಂದ ಹೊಗೆ! ಗುರುದೇವಿ ಓಡಿ ನೋಡಿದರೆ, ಮೂರು ಕಲ್ಲಿನ ಹೊಸ ಒಲೆ, ಅದರ ಮೇಲೆ ಮುಚ್ಚಳ ಮುಚ್ಚಿದ ಕಡುಬಿನ ಪಾತ್ರೆ. ಲಿಂಗಪೂಜೆ ಮುಗಿಸಿ ಹಣೆತುಂಬ ವಿಭೂತಿ ಧರಿಸಿದ್ದ ಅತ್ತೆ ಬೆವರುತ್ತ ಉರಿ ಊದುತ್ತಿದ್ದಾರೆ.

“ಬಾ ಯವ್ವ, ಅಡಗಿಮನ್ಯಾಗ ಬ್ಯಾಡ, ಹಿತ್ತಲ ನಿಂದು. ನೋಡು, ನಿನ್ನ ಪುಕ್ಕ ಬೆಂದಾವ!”

ಮುಚ್ಚಳ ತೆಗೆದರೆ... ಅಯ್ಯೋ! ಹನ್ನೆರಡೂ ಶಟಲ್‌ಗಳು ಬಾಡಿದ ಪುಂಡಿಪಲ್ಯದ ಸೊಪ್ಪಿನಂತೆ ಮುದುಡಿ ಕೂತಿದ್ದವು.

“ಎಷ್ಟೊತ್ತು ಇಟ್ಟಿದ್ರಿ ಅತ್ತೀ?”

“ಕಡುಬು ಬೇಯೋ ಅಷ್ಟು. ಯಾಕ, ಇನ್ನಾ ಹಸೀ ಅದಾವೇನು?”

ಗುರುದೇವಿಗೆ ತಡೆಯಲಾಗಲಿಲ್ಲ. ಫರ್ಸಿ ಕಲ್ಲಿನ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದು ನಕ್ಕಳು. ನಗುತ್ತ ನಗುತ್ತಲೇ ಅತ್ತೆಯ ಕೊರಳಿಗೆ ಬಿದ್ದು ಅತ್ತಳು. ಮಹೇಶಕುಮಾರ ಆಗಲೇ ಬೈಕು ಹತ್ತಿ ಹೊಸ ಡಬ್ಬಿಗಾಗಿ ಕಲಬುರಗಿಗೆ ಹೊರಟಿದ್ದ.

ಅಂದಿನಿಂದ ಆವಿ ಹಿಡಿಯುವ ಕೆಲಸ ನೀಲಾಬಾಯಿಯವರದೇ. ಐದು ಸಲ ‘ಓಂ ನಮಃ ಶಿವಾಯ’ ಎನ್ನುವಷ್ಟು ಹೊತ್ತು, ಆರನೆಯದಕ್ಕೆ ಡಬ್ಬಿ ಹಿಂದೆ. ಒಂದು ಪುಕ್ಕವೂ ಮುರಿಯಲಿಲ್ಲ, ಒಂದೂ ಮುದುಡಲಿಲ್ಲ.

ಹತ್ತನೆಯ ದಿನ, ಆಯ್ಕೆಗೆ ಹೋಗಿದ್ದ ಗುರುದೇವಿಯ ಫೋನು ಹೈದರಾಬಾದಿನಿಂದ. “ಅತ್ತೀ... ತಂಡಕ್ಕ ತಗೊಂಡಾರ್ರೀ! ಪೂರಾ ವರ್ಷ ಇಲ್ಲೇ ಆಡಬೇಕಂತ!”

ನೀಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಓಣಿಗೆಲ್ಲ ಸಕ್ಕರೆ ಹಂಚಿದರು. ಆಮೇಲೆ ತಾವೇ ಸೊಸೆಗೆ ಮತ್ತೆ ಫೋನು ಹಚ್ಚಿದರು.

“ಅದಿರ್ಲಿ, ಅಲ್ಲಿ ಆವಿ ಯಾರು ಹಿಡೀತಾರ? ಐದೇ ಸಲ ಅನ್ಬೇಕಂತ ಅವ್ರಿಗೇನರೆ ಗೊತ್ತದೇನು?”

ಮೂವತ್ತು ವರ್ಷದಲ್ಲಿ ಒಂದು ರಾತ್ರಿಯೂ ತಮ್ಮ ಮನೆ ಬಿಟ್ಟು ಮಲಗದ ನೀಲಾಬಾಯಿ ಆ ಸೋಮವಾರ ಹೈದರಾಬಾದಿನ ರೈಲು ಹತ್ತಿದರು. ಮಡಿಲಲ್ಲಿ ಕಡುಬಿನ ಪಾತ್ರೆ ಇತ್ತು.